ವೈನ್ ಕೂಲರ್‌ನಲ್ಲಿಟ್ಟ ಸಿಗಾರ್‌ಗಳಿಗೆ ತೇವಾಂಶ ಒಂದೇ ಸಮ ನಿಲ್ಲುತ್ತಿಲ್ಲ. ಯಾವ ಹ್ಯುಮಿಡಿಫೈಯರ್ ತೆಗೆದುಕೊಳ್ಳಲಿ?

ಯಾವುದನ್ನೂ ತೆಗೆದುಕೊಳ್ಳಬೇಡಿ. ತೇವಾಂಶದ ಮೀಟರ್ ಶೇ. 55ಕ್ಕೆ ಇಳಿಯುತ್ತೆ, ಸ್ವಲ್ಪ ಹೊತ್ತಿಗೆ 75ಕ್ಕೆ ಏರುತ್ತೆ ಅಂತ ಬರೆದಿದ್ದೀರಿ. ನನ್ನ ಕೂಲರ್‌ನಲ್ಲೂ, ಅಂದರೆ ವೈನ್ ಬಾಟಲಿ ಇಡುವ ಚಿಕ್ಕ ಫ್ರಿಜ್‌ನಲ್ಲೂ, ಇದೇ ನಡೆಯುತ್ತಿತ್ತು. ನಾನೂ ನಿಮ್ಮ ಹಾಗೆಯೇ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಹುಡುಕಲು ಹೊರಟೆ. ಕೆಟ್ಟಿದ್ದು ಅಲ್ಲೇ.

ನಮ್ಮದು ಬೆಂಗಳೂರಿನಲ್ಲಿ ಮೇಲಿನ ಮಹಡಿಯ ಮನೆ. ಏಪ್ರಿಲ್‌ನಲ್ಲಿ ಕೋಣೆಯ ಒಳಗೇ 30 ಡಿಗ್ರಿ ದಾಟುತ್ತದೆ. ಸಿಗಾರ್‌ಗೆ 18ರಿಂದ 21 ಡಿಗ್ರಿ ಇದ್ದರೆ ಚೆನ್ನ. 24–25 ದಾಟಿ ಹಾಗೇ ಉಳಿದರೆ ಎಲೆಯೊಳಗೆ ಅಡಗಿರುವ ತಂಬಾಕು ಹುಳದ ಮೊಟ್ಟೆಗಳು ಒಡೆಯುವ ಭಯ. ಹ್ಯುಮಿಡಾರ್, ಅಂದರೆ ಸಿಗಾರ್ ಇಡುವ ಮರದ ಪೆಟ್ಟಿಗೆ, ತೇವ ಹಿಡಿದಿಡುತ್ತದೆ, ಸೆಕೆ ತಡೆಯುವುದಿಲ್ಲ. ಅದಕ್ಕೇ ಹಳೆಯ ಪೆಲ್ಟಿಯರ್ ಕೂಲರ್ (ಕಂಪ್ರೆಸರ್ ಇಲ್ಲದೆ ತಣ್ಣಗೆ ಮಾಡುವ ಬಗೆ) ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಅಡುಗೆ ಸೋಡಾ ಹಾಕಿ ಒರೆಸಿ, ಪ್ಲಾಸ್ಟಿಕ್ ವಾಸನೆ ಹೋಗುವವರೆಗೆ ಬಾಗಿಲು ತೆರೆದಿಟ್ಟೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ 16 ಡಿಗ್ರಿಗೆ ಇಟ್ಟೆ. ಬೆಳಿಗ್ಗೆ ನೋಡಿದರೆ ತೇವಾಂಶ 54. ಒಳಗೆ ನೀರು ಸಾಲದು ಅಂದುಕೊಂಡೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಸ್ಪಂಜು ಇಟ್ಟೆ. ಸಾಲಲಿಲ್ಲ. ಇನ್ನೊಂದು ಸ್ಪಂಜು. ಆಮೇಲೆ ಬ್ಯಾಟರಿಯಲ್ಲಿ ಓಡುವ, ಫ್ಯಾನ್ ಇರುವ ಹ್ಯುಮಿಡಿಫೈಯರ್. ಮೀಟರ್ ಕೊನೆಗೂ 66 ತೋರಿಸಿತು, ಬೇಕಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಗೆದ್ದೆ ಅಂತಲೇ ಅಂದುಕೊಂಡೆ.

ನಾನು ನೋಡದೇ ಹೋದದ್ದು ಏನು ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ. 21 ಡಿಗ್ರಿಯಲ್ಲಿ, ಶೇ. 70 ತೇವಾಂಶ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 13 ಗ್ರಾಂ ನೀರಿನ ಆವಿ ಇರುತ್ತದೆ. ಅದೇ ಗಾಳಿ ಹೆಚ್ಚುಕಡಿಮೆ 15 ಡಿಗ್ರಿಗೆ ಇಳಿದರೆ ಅಷ್ಟೂ ಆವಿಯನ್ನು ಹಿಡಿದುಕೊಳ್ಳಲು ಆಗುವುದಿಲ್ಲ, ನೀರಾಗುತ್ತದೆ. ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುತ್ತಲ್ವಾ, ಹಾಗೆ. ಕೂಲರ್ ಓಡುವಾಗ ಒಳಗೆ ತಂಪು ಕೊಡುವ ಹಿಂಬದಿಯ ತಟ್ಟೆ 15ಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅಂದರೆ ಓಡುತ್ತಿರುವ ಕೂಲರ್ ಗಾಳಿಯಿಂದ ನೀರು ಹಿಂಡುವ ಯಂತ್ರ. ಹಿಂಡಿದ ನೀರು ತಟ್ಟೆಯಿಂದ ಇಳಿದು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ. ನಾನು ಒಂದು ಕಡೆಯಿಂದ ನೀರು ಸುರಿಯುತ್ತಿದ್ದೆ, ಅದು ಇನ್ನೊಂದು ಕಡೆಯಿಂದ ತೆಗೆಯುತ್ತಿತ್ತು. ಮೀಟರ್‌ನಲ್ಲಿ ಕಂಡ 66 ಈ ಎರಡರ ಜಗ್ಗಾಟದ ನಡುವಿನ ಒಂದು ಅಂಕಿ, ಅಷ್ಟೇ. ನಿಮ್ಮ 55–75ರ ಓಲಾಟವೂ ಇದೇ ಜಗ್ಗಾಟ.

ಸಾಲದ್ದಕ್ಕೆ ಮೀಟರ್ ಇಟ್ಟದ್ದು ಮೇಲಿನ ಹಲಗೆಯಲ್ಲಿ. ತಣ್ಣನೆಯ ಗಾಳಿ ಕೆಳಗೆ ಕೂರುತ್ತದೆ. ಮೀಟರ್ ತೋರಿಸುವ ಶೇಕಡಾ ಅಂದರೆ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಭಾಗ ಇದೆ ಅನ್ನುವುದು; ಗಾಳಿ ತಣ್ಣಗಾದಷ್ಟೂ ಹಿಡಿಯುವುದು ಕಡಿಮೆ. ಹಾಗಾಗಿ 21 ಡಿಗ್ರಿಯಲ್ಲಿ ಶೇ. 65 ಇರುವ ಗಾಳಿ 18ಕ್ಕೆ ತಣ್ಣಗಾದರೆ ಸಾಕು, ಹೊಸದಾಗಿ ಒಂದು ಹನಿ ನೀರೂ ಸೇರದೆ ಅದು 78ರ ಹತ್ತಿರ ಹೋಗುತ್ತದೆ. ಮೇಲೆ 66 ಅಂತ ನಾನು ಖುಷಿಪಡುವಾಗ ಕೆಳಗಿನ ಹಲಗೆಯಲ್ಲಿ ಎಷ್ಟಿತ್ತೋ ನೋಡಲೇ ಇಲ್ಲ.

ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಕರೆಂಟ್ ಹೋಗಿದೆ. ಕೂಲರ್ ನಿಂತಿತು. ನೀರು ಹಿಂಡುವ ಕೆಲಸವೂ ನಿಂತಿತು. ಆದರೆ ಬ್ಯಾಟರಿಯ ಹ್ಯುಮಿಡಿಫೈಯರ್ ನಿಲ್ಲಲಿಲ್ಲ, ಸ್ಪಂಜುಗಳೂ ತೇವ ಬಿಡುತ್ತಲೇ ಇದ್ದವು. ತಟ್ಟೆಯ ಮೇಲೆ ಕೂತಿದ್ದ ನೀರೂ ಮತ್ತೆ ಆವಿಯಾಯಿತು. ವಾಪಸ್ ಬಂದು ಬಾಗಿಲು ತೆಗೆದರೆ ಹಳೆಯ ಗೋಣಿಚೀಲದ ವಾಸನೆ. ಕೆಳಗಿನ ಹಲಗೆಯಲ್ಲಿದ್ದದ್ದು ದುಬೈನಿಂದ ಭಾವ ತಂದುಕೊಟ್ಟ ಕ್ಯೂಬಾದ ಸಿಗಾರ್ ಪೆಟ್ಟಿಗೆ. ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು 25 ಸಿಗಾರ್, ಅಷ್ಟನ್ನೂ ಅವರು ನನಗೆ ಕೊಟ್ಟಿದ್ದರು. ಹೊರಗೆ ಸುತ್ತಿದ ಎಲೆಯ ಹೊದಿಕೆಯ ಮೇಲಷ್ಟೇ ಅಲ್ಲ, ಬೆಂಕಿ ಹಚ್ಚುವ ತುದಿಯ ಒಳಗೂ ಬೂಷ್ಟು ಹಿಡಿದಿತ್ತು. ಒರೆಸಿ ಉಳಿಸಿಕೊಳ್ಳುವ ಹಾಗಿರಲಿಲ್ಲ, ಎಲ್ಲ ಎಸೆದೆ. ಭಾವನಿಗೆ ಹೇಳುವಾಗ ಬಹಳ ಸಂಕಟವಾಯಿತು.

ಆದ್ದರಿಂದ ನನ್ನ ಮಾತು ಇಷ್ಟು: ಕೂಲರ್‌ಗೆ ತೇವಾಂಶದ ಕೆಲಸ ಕೊಡಲೇಬೇಡಿ. ಅದು ತಂಪು ಮಾತ್ರ ನೋಡಿಕೊಳ್ಳಲಿ. ತೇವಕ್ಕೆ ಬೇರೆ ಡಬ್ಬಿ ಇರಲಿ. ರಬ್ಬರ್ ಅಂಚಿನ, ನಾಲ್ಕೂ ಕಡೆ ಲಾಕ್ ಆಗುವ ಊಟದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಗಾರ್, ಜೊತೆಗೆ ತೇವಾಂಶ ಕಾಯುವ ಬೊವೆಡಾ ಕಂಪನಿಯ ಪೊಟ್ಟಣ. 25 ಸಿಗಾರ್‌ಗೆ 60 ಗ್ರಾಮಿನದು ಒಂದು. ಅದರೊಳಗೆ ಇರುವುದು ಉಪ್ಪು ಬೆರೆಸಿದ ನೀರು. ತೇವ ಕಡಿಮೆಯಾದರೆ ಬಿಡುತ್ತದೆ, ಜಾಸ್ತಿಯಾದರೆ ಎಳೆದುಕೊಳ್ಳುತ್ತದೆ. ಸ್ಪಂಜಿಗೆ ಬಿಡುವುದು ಮಾತ್ರ ಗೊತ್ತು. 65ರ ಪೊಟ್ಟಣ, ಅಂದರೆ ತೇವಾಂಶವನ್ನು ಶೇ. 65ರಲ್ಲಿ ನಿಲ್ಲಿಸುವುದು, ತಗೊಳ್ಳಿ. 72 ಅಂತ ಹೇಳುವವರಿದ್ದಾರೆ, ನಮ್ಮ ಮಳೆಗಾಲಕ್ಕೆ ನಾನಂತೂ ಒಪ್ಪುವುದಿಲ್ಲ. ಪೊಟ್ಟಣ ಗಟ್ಟಿಯಾಗಿ ಹರಳುಗಟ್ಟಿದರೆ ಬದಲಿಸಿ. ಡಬ್ಬಿ ಮುಚ್ಚಿರುವುದರಿಂದ ಹಿಂಬದಿಯ ತಟ್ಟೆಗೆ ಹಿಂಡಲು ಏನೂ ಸಿಗುವುದಿಲ್ಲ. ಕರೆಂಟ್ ಹೋದರೂ ಒಳಗೆ ದೊಡ್ಡ ಏರುಪೇರು ಆಗುವುದಿಲ್ಲ.

ಡಬ್ಬಿಗೆ ಮರ ಬೇಕು ಅನಿಸಿದರೆ ಖಾಲಿ ಸಿಗಾರ್ ಪೆಟ್ಟಿಗೆಯ ಸೀಡರ್ ಹಲಗೆ ಹಾಕಿ. ಪೈನ್, ದೇವದಾರು ಬೇಡ, ಅದರ ಅಂಟಿನ ವಾಸನೆ ಎಲೆಗೆ ಹತ್ತುತ್ತದೆ. ಸ್ಪ್ಯಾನಿಷ್ ಸೀಡರ್ ಹೆಸರಿಗೆ ಮಾತ್ರ ಸೀಡರ್. ನಮ್ಮ ಬೇವು ಮತ್ತು ಮಲೆನಾಡಿನ ಗಂಧಗರಿಗೆಯ ಕುಟುಂಬದ್ದು ಅದು.

ಕೂಲರ್ 16ಕ್ಕೆ ಬೇಡ. ಅದರಲ್ಲಿ ಇರುವ ಅತಿ ಹೆಚ್ಚಿನ ಅಂಕಿಗೆ ಇಡಿ, ಸಾಮಾನ್ಯವಾಗಿ 18 ಇರುತ್ತದೆ. ಪೆಲ್ಟಿಯರ್ ಆದರೆ ಕೋಣೆಗಿಂತ ಹತ್ತು ಹನ್ನೆರಡು ಡಿಗ್ರಿ ತಂಪು ಮಾಡಿದರೆ ಹೆಚ್ಚು. ನಮಗೆ ಅಷ್ಟೇ ಬೇಕಾಗಿರುವುದು. ನವೆಂಬರ್‌ನಿಂದ ಜನವರಿವರೆಗೆ ಬೆಂಗಳೂರಿನಲ್ಲಿ ಪ್ಲಗ್ ಹಾಕುವ ಅಗತ್ಯವೇ ಬೀಳದು. ನಾನು ಆ ತಿಂಗಳುಗಳಲ್ಲಿ ಆಫ್ ಮಾಡಿಯೇ ಇಡುತ್ತೇನೆ.

ಮೀಟರನ್ನೂ ನಂಬಬೇಡಿ, ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಕೆಲವು ಹನಿ ನೀರು ಬಿಡಿ. ಉಪ್ಪು ಒದ್ದೆ ಮರಳಿನಂತಿರಬೇಕು, ಕರಗಬಾರದು. ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. 75 ತೋರಿಸಬೇಕು. 71 ತೋರಿಸಿದರೆ ಮುಂದೆ ಯಾವಾಗಲೂ 4 ಸೇರಿಸಿ ಓದಿ.

ಹೊಸ ಸಾಮಾನು ತರುವ ಮೊದಲು ಇವತ್ತೇ ಕೆಳಗಿನ ಹಲಗೆಯ ಸಿಗಾರ್‌ಗಳನ್ನು ತೆಗೆದು ನೋಡಿ. ಹೊದಿಕೆಯ ಮೇಲೆ ಮಾತ್ರ ಬಿಳಿ ಚುಕ್ಕೆ ಇದ್ದರೆ ಒಣ ಬಟ್ಟೆಯಿಂದ ಒರೆಸಿ ಬೇರೆ ಡಬ್ಬಿಯಲ್ಲಿಡಿ. ಸುಡುವ ತುದಿಯ ಒಳಗೆ ಕಂಡರೆ ಎಸೆಯಿರಿ. ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಹುಳ ಬಂದಿದೆ. ತೂತು ಬಿದ್ದದ್ದನ್ನು ಬಿಸಾಡಿ. ಉಳಿದವನ್ನು ಎರಡು ಜಿಪ್ ಕವರ್ ಹಾಕಿ ಒಂದು ದಿನ ಫ್ರಿಜ್‌ನಲ್ಲಿ, ಆಮೇಲೆ ಮೂರ್ನಾಲ್ಕು ದಿನ ಫ್ರೀಜರ್‌ನಲ್ಲಿ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಟ್ಟು ನಿಧಾನಕ್ಕೆ ಕೋಣೆಯ ಬಿಸಿಗೆ ತನ್ನಿ. ಅವಸರ ಮಾಡಿದರೆ ಹೊದಿಕೆ ಸೀಳುತ್ತದೆ.