'ಗೋ' ಎಂದರೆ ಬರೀ ಹೋಗುವುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷಿನ 'ಗೋ' ಎಂಬ ಕ್ರಿಯಾಪದದ ಬಗ್ಗೆಯೇ ಇದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಒಳಗಿನಿಂದ ಯಾರಾದರೂ ಕರೆದರೆ ನಾವು 'ಬಂದೆ' ಎನ್ನುತ್ತೇವೆ. ಆದರೆ ನಾನಿರುವ ಜಾಗವನ್ನು ಬಿಟ್ಟು ಅವರಿರುವಲ್ಲಿಗೆ ಹೋಗುತ್ತಿರುವುದರಿಂದ ಇಂಗ್ಲಿಷಿನಲ್ಲಿ 'ಐ ಆಮ್ ಗೋಯಿಂಗ್' ಎಂದರಲ್ಲವೇ ಸರಿ?

ಉತ್ತರ: ಅಲ್ಲ, 'ಐ ಆಮ್ ಕಮಿಂಗ್' ಎಂದೇ ಹೇಳಬೇಕು. ಚಲನೆಯು ಮಾತನಾಡುವವನ ಕಡೆಗಾಗಲಿ ಕೇಳುವವನ ಕಡೆಗಾಗಲಿ ಇದ್ದರೆ ಇಂಗ್ಲಿಷ್ 'ಕಮ್' ಅನ್ನು ಬಳಸುತ್ತದೆ. ಇಬ್ಬರೂ ಇಲ್ಲದ ಮೂರನೆಯ ಸ್ಥಳದ ಕಡೆಗಿದ್ದರೆ 'ಗೋ' ಬರುತ್ತದೆ. ಈ ವಿಷಯದಲ್ಲಿ ಕನ್ನಡಿಗರು ತಮ್ಮ ಕಿವಿಯನ್ನು ಧೈರ್ಯವಾಗಿ ನಂಬಬಹುದು, ಏಕೆಂದರೆ 'ಬರು' ಮತ್ತು 'ಹೋಗು' ಕೂಡ ಹೆಚ್ಚುಕಡಿಮೆ ಇದೇ ಗಡಿಯನ್ನು ಪಾಲಿಸುತ್ತವೆ. 'ನಾಳೆ ನಿಮ್ಮ ಕಚೇರಿಗೆ ಬರುತ್ತೇನೆ' ಎಂದರೆ ನೀವು ಅಲ್ಲಿರುತ್ತೀರಿ ಎಂದು ಅರ್ಥವಾಗುತ್ತದೆ. 'ನಾಳೆ ನಿಮ್ಮ ಕಚೇರಿಗೆ ಹೋಗುತ್ತೇನೆ' ಎಂದರೆ ನೀವಿಲ್ಲದಿದ್ದರೂ ನನ್ನ ಕೆಲಸ ನಡೆಯುತ್ತದೆ ಎಂಬ ಸೂಚನೆಯಿರುತ್ತದೆ. ಇಂಗ್ಲಿಷಿನಲ್ಲಿಯೂ ಹಾಗೆಯೇ. ಸ್ಪ್ಯಾನಿಷ್ ಅಥವಾ ಜಪಾನಿ ಮಾತನಾಡುವವರಿಗೆ ಈ ಅನುಕೂಲವಿಲ್ಲ; ಕರೆದವರಿಗೆ ಓಗೊಡುವಾಗ ಅವರು ತಮ್ಮ ಭಾಷೆಯಲ್ಲಿ 'ಹೋಗು' ಎಂಬರ್ಥದ ಕ್ರಿಯಾಪದವನ್ನೇ ಬಳಸುವುದರಿಂದ ಇಂಗ್ಲಿಷ್ ಕಲಿಯುವಾಗ ಆ ಅಭ್ಯಾಸವನ್ನು ಬಿಡಬೇಕಾಗುತ್ತದೆ.

ನಾವು ಎಡವುವುದು ಬೇರೆ ಎರಡು ಕಡೆ. ಇನ್ನೂ ಹೊರಟಿರದಿದ್ದರೂ ಧಾರಾಳವಾಗಿ ಹೇಳುವ 'ಬಂದೆ' ಎಂಬ ಭೂತಕಾಲವನ್ನು ಇಂಗ್ಲಿಷಿಗೆ ಒಯ್ದು 'ಐ ಕೇಮ್' ಎಂದರೆ ಕೇಳುವವರು ತಬ್ಬಿಬ್ಬಾಗುತ್ತಾರೆ. ಹಾಗೆಯೇ ಬೀಳ್ಕೊಳ್ಳುವಾಗ ನಾವು ಹೇಳುವ 'ಹೋಗಿ ಬರುತ್ತೇನೆ' ಎಂಬುದನ್ನು 'ಐ ವಿಲ್ ಗೋ ಅಂಡ್ ಕಮ್' ಎಂದು ಹೇಳಿದರೆ, ಆ ವ್ಯಕ್ತಿ ಐದು ನಿಮಿಷದಲ್ಲಿ ನಿಜವಾಗಿಯೂ ಹಿಂತಿರುಗುತ್ತಾನೆಂದು ಎದುರಿನವರು ಕಾಯುತ್ತಾ ಕೂರಬಹುದು.

ಪ್ರಶ್ನೆ: 'ದಿ ಲೈಟ್ಸ್ ವೆಂಟ್ ಆಫ್' ಎಂದರೆ ದೀಪಗಳು ಆರಿದವು. 'ದಿ ಅಲಾರಂ ವೆಂಟ್ ಆಫ್' ಎಂದರೆ ಅಲಾರಂ ಹೊಡೆದುಕೊಂಡಿತು. 'ದಿ ಮಿಲ್ಕ್ ಹ್ಯಾಸ್ ಗಾನ್ ಆಫ್' ಎಂದರೆ ಹಾಲು ಕೆಟ್ಟಿತು. ಒಂದೇ ಜೋಡಿಪದಕ್ಕೆ ಇಷ್ಟು ವಿರುದ್ಧವಾದ ಅರ್ಥಗಳು ಹೇಗೆ ಬಂದವು?

ಉತ್ತರ: ನಿಮ್ಮ ಗೊಂದಲ ನ್ಯಾಯವಾದದ್ದು, 'ಆಫ್' ಎಂದರೆ 'ಆರಿದ ಸ್ಥಿತಿ' ಎಂದಷ್ಟೇ ತಿಳಿದವರಿಗೆ ಅಲಾರಂ ಉದಾಹರಣೆ ತಲೆಕೆಳಗಾಗಿಯೇ ಕಾಣುತ್ತದೆ. 'ಆಫ್' ಪದದ ಮೂಲಭಾವ 'ಬೇರೆಯಾಗುವುದು, ಕಳಚಿಕೊಳ್ಳುವುದು' ಎಂದು ಹಿಡಿದರೆ ಗಂಟು ಬಹುಮಟ್ಟಿಗೆ ಸಡಿಲವಾಗುತ್ತದೆ. ದೀಪವು ಉರಿಯುವ ಸ್ಥಿತಿಯಿಂದ ಕಳಚಿಕೊಂಡಿತು. ಅಲಾರಂ, ಬಂದೂಕು, ಬಾಂಬುಗಳು ಸುಮ್ಮನಿದ್ದ ಸ್ಥಿತಿಯಿಂದ ಥಟ್ಟನೆ ಕಳಚಿಕೊಂಡವು. ಹಾಲು ತನ್ನ ಒಳ್ಳೆಯ ಗುಣದಿಂದ ದೂರವಾಯಿತು. ಹಾಲಿನ ಪ್ರಯೋಗವು ಮುಖ್ಯವಾಗಿ ಬ್ರಿಟಿಷ್ ಇಂಗ್ಲಿಷಿನದು. ಅಮೆರಿಕದವರು 'ಗಾನ್ ಬ್ಯಾಡ್' ಎನ್ನುವುದೇ ಹೆಚ್ಚು.

ಈ 'ಗಾನ್ ಬ್ಯಾಡ್' ಬಗ್ಗೆಯೂ ಒಂದು ಮಾತು ಹೇಳಬೇಕು. ವಿಶೇಷಣದ ಹಿಂದೆ 'ಗೋ' ಬಂದಾಗ ಅದು ಸ್ಥಿತಿಯ ಬದಲಾವಣೆಯನ್ನು ಸೂಚಿಸುತ್ತದೆ, ಅದೂ ಬಹುಪಾಲು ಕೇಡಿನ ಕಡೆಗೆ: ಕುರುಡಾಗುವುದು 'ಗೋ ಬ್ಲೈಂಡ್', ತಲೆ ಬೋಳಾಗುವುದು 'ಗೋ ಬಾಲ್ಡ್', ಹುಚ್ಚು ಹಿಡಿಯುವುದು 'ಗೋ ಮ್ಯಾಡ್'. ಒಳ್ಳೆಯದಾಗುವಾಗ ಕೆಲವೊಮ್ಮೆ 'ಕಮ್' ಬರುತ್ತದೆ, ಕನಸು ನನಸಾಗುವುದು 'ಕಮ್ ಟ್ರೂ' ಆದಂತೆ. ಬಣ್ಣಗಳು ಮಾತ್ರ ಕೇಡು ಒಳಿತುಗಳ ಗೊಡವೆಯಿಲ್ಲದೆ 'ಗೋ' ಜೊತೆಗೇ ಸೇರುತ್ತವೆ. 'ಕೆಟ್ಟು ಹೋಯಿತು', 'ಒಣಗಿ ಹೋಯಿತು' ಎನ್ನುವ ನಮಗೆ ಇದು ಅಪರಿಚಿತವೆನಿಸುವುದಿಲ್ಲ. ಅಪಾಯವೂ ಅಲ್ಲಿಯೇ ಇದೆ. ಕನ್ನಡದಲ್ಲಿ 'ಮುರಿದು ಹೋಯಿತು', 'ಮರೆತು ಹೋಯಿತು' ಎಂದು ಎಷ್ಟೋ ಕ್ರಿಯಾಪದಗಳಿಗೆ 'ಹೋಗು' ಅಂಟಿಸಬಹುದು, ಆದರೆ ಇಂಗ್ಲಿಷಿನಲ್ಲಿ 'ಗೋ ಬ್ರೋಕನ್' ಎಂಬುದಿಲ್ಲ. ವಯಸ್ಸಾಗುವುದು, ದಣಿಯುವುದು ಕೂಡ ಈ ಪಟ್ಟಿಗೆ ಸೇರುವುದಿಲ್ಲ. ಅವಕ್ಕೆ 'ಗೆಟ್' ಬೇಕು. ಯಾವ ವಿಶೇಷಣ ಯಾವುದರ ಜೊತೆ ಎಂಬುದನ್ನು ಬಳಕೆಯಿಂದಲೇ ಕಲಿಯಬೇಕು. ಇದಕ್ಕೆ ಸೂತ್ರ ಹೇಳಿಕೊಡುತ್ತೇವೆನ್ನುವವರನ್ನು ಸ್ವಲ್ಪ ಅನುಮಾನದಿಂದ ನೋಡುವುದೇ ಲೇಸು.

ಪ್ರಶ್ನೆ: 'ಅವನಿಗೆ ಹೇಳಲು ಹೋದೆ, ಅವನು ಕೇಳಲಿಲ್ಲ' ಎಂಬುದನ್ನು 'ಐ ವೆಂಟ್ ಟು ಟೆಲ್ ಹಿಮ್' ಎಂದು ಬರೆಯಬಹುದೇ?

ಉತ್ತರ: ಬರೆದರೆ, ಹೇಳುವ ಸಲುವಾಗಿ ನೀವು ಅವನಿದ್ದಲ್ಲಿಗೆ ಎದ್ದು ಹೋದಿರಿ ಎಂದೇ ಸಾಮಾನ್ಯವಾಗಿ ಓದುವವರು ತಿಳಿಯುತ್ತಾರೆ. ಕನ್ನಡದ 'ಹೇಳಲು ಹೋದೆ' ಎಂಬಲ್ಲಿ ನಡಿಗೆಯಿಲ್ಲ, ಬರೀ ಪ್ರಯತ್ನವಿದೆ. ಆದ್ದರಿಂದ 'ಐ ಟ್ರೈಡ್ ಟು ಟೆಲ್ ಹಿಮ್' ಎನ್ನುವುದು ಸರಿ. ಇನ್ನೂ ಬಾಯಿ ತೆರೆದಿರಲಿಲ್ಲ, ಮನಸ್ಸಿನಲ್ಲಿ ಮಾತ್ರ ಇತ್ತು ಎಂದಾದರೆ 'ಐ ವಾಸ್ ಗೋಯಿಂಗ್ ಟು ಟೆಲ್ ಹಿಮ್' ಎನ್ನಬೇಕು. ಈ 'ಗೋಯಿಂಗ್ ಟು' ಎಂಬುದು ಸ್ಥಳದ ಅರ್ಥವನ್ನು ಕಳೆದುಕೊಂಡು, ಮೊದಲೇ ಮಾಡಿದ ನಿರ್ಧಾರವನ್ನೋ ಕಣ್ಣೆದುರಿನ ಕುರುಹಿನಿಂದ ಊಹಿಸಿದ ಭವಿಷ್ಯವನ್ನೋ ಸೂಚಿಸುತ್ತದೆ. ಮಾತಿನಲ್ಲಿ ಅದು 'ಗೊನ್ನಾ' ಎಂದು ಕುಗ್ಗುವುದೂ ಈ ಅರ್ಥದಲ್ಲಿ ಮಾತ್ರ. ಒಂದು ಜಾಗಕ್ಕೆ ಹೋಗುತ್ತಿದ್ದೇನೆ ಎನ್ನುವಾಗ ಯಾವ ಇಂಗ್ಲಿಷ್ ಭಾಷಿಕನೂ 'ಗೊನ್ನಾ' ಎನ್ನುವುದಿಲ್ಲ.

ಪ್ರಶ್ನೆ: 'ಗೋ'ಗೂ 'ವೆಂಟ್'ಗೂ ಒಂದಕ್ಷರದ ಹೋಲಿಕೆಯೂ ಇಲ್ಲವೇಕೆ?

ಉತ್ತರ: ಅವೆರಡೂ ಹುಟ್ಟಿನಿಂದ ಬೇರೆ ಬೇರೆ ಕ್ರಿಯಾಪದಗಳು. 'ವೆಂಟ್' ಎಂಬುದು 'ವೆಂಡ್' ಎಂಬುದರ ಭೂತಕಾಲ. 'ಸೆಂಡ್' 'ಸೆಂಟ್' ಆಗುವಂತೆ, 'ಸ್ಪೆಂಡ್' 'ಸ್ಪೆಂಟ್' ಆಗುವಂತೆ ಅದು ರೂಪುಗೊಂಡಿತ್ತು. ಹಳೆಯ ಇಂಗ್ಲಿಷಿನಲ್ಲಿ 'ಗೋ'ಗೆ ಬೇರೆಯೇ ಒಂದು ಭೂತಕಾಲದ ರೂಪವಿತ್ತು, ಅದೂ ಅನ್ಯಮೂಲದ್ದೇ. ಸುಮಾರು 15ನೆಯ ಶತಮಾನದ ಹೊತ್ತಿಗೆ 'ವೆಂಟ್' ಆ ಜಾಗವನ್ನು ಆಕ್ರಮಿಸಿತು. ತಾಯಿಪದವಾದ 'ವೆಂಡ್' ಇಂದು 'ವೆಂಡ್ ಒನ್ಸ್ ವೇ' ಎಂಬ ನುಡಿಗಟ್ಟಿನಲ್ಲಷ್ಟೇ ಹೆಚ್ಚಾಗಿ ಕಾಣಸಿಗುತ್ತದೆ.

ಪ್ರಶ್ನೆ: 'ಗೋ ಟು ಸ್ಕೂಲ್' ಸರಿ, 'ಗೋ ಟು ಹೋಮ್' ತಪ್ಪು. ಏಕೆ?

ಉತ್ತರ: 'ಗೋ' ನಂತರ ಬರುವ 'ಹೋಮ್' ನಾಮಪದವಲ್ಲ, 'ಅಲ್ಲಿಗೆ', 'ಮೇಲಕ್ಕೆ' ಎಂಬಂತಹ ಅವ್ಯಯ. 'ಮನೆಗೆ' ಎಂಬ ಚತುರ್ಥಿಯ ಅರ್ಥ ಅದರೊಳಗೇ ಇರುವುದರಿಂದ 'ಟು' ಬೇಕಿಲ್ಲ. 'ದೇರ್', 'ಅಬ್ರಾಡ್' ಪದಗಳಿಗೂ ಇದೇ ನಿಯಮ. ಆದರೆ 'ಹೋಮ್' ಹಿಂದೆ 'ಮೈ' ಅಥವಾ 'ಹರ್' ಸೇರಿದೊಡನೆ ಅದು ಮತ್ತೆ ನಾಮಪದವಾಗಿ, 'ಟು' ತನ್ನ ಜಾಗಕ್ಕೆ ಮರಳುತ್ತದೆ.