ದೇವರನ್ನು ಕೇಳಲಾಗದ ಪ್ರಶ್ನೆ

ಉಣುಗಿನಿಂದ ಹರಡುವ ವೈರಸ್ ಜ್ವರವಾದ ಮಂಗನ ಕಾಯಿಲೆಯ ಕಾಲ ಶುರುವಾದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ನನ್ನ ಬಳಿ ಆಪ್ತಸಲಹೆಗೆ ಒಂದೇ ಬಗೆಯ ಪ್ರಕರಣಗಳು ಬರುತ್ತವೆ. ಮನೆಯ ಹಿರಿಯರು ದೈವಭಕ್ತರು, ವ್ಯವಹಾರ ಬಲ್ಲವರು. ಆದರೆ ಇದು ಕಾಯಿಲೆಯಲ್ಲ, ಸಂಚು ಎಂದು ಹಟ ಹಿಡಿದಿರುತ್ತಾರೆ. ಅಂಥದ್ದೊಂದನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಅರವತ್ತರ ಹತ್ತಿರದ ಅಡಿಕೆ ಬೆಳೆಗಾರರು. ಕರೆತಂದವರು ಸೊಸೆ. ಮಾವ ಆಶಾ ಕಾರ್ಯಕರ್ತೆಯನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ. ಉಣುಗು ಹತ್ತದಂತೆ ಮೈಗೆ ಹಚ್ಚಲು ಕೊಟ್ಟ ಡೆಪಾ ತೈಲವನ್ನು ಚೆಲ್ಲಿದ್ದರು. ತೋಟದಲ್ಲಿ ಸತ್ತುಬಿದ್ದ ಮಂಗಕ್ಕೆ, ಹನುಮಂತನ ರೂಪವೆಂದು, ಬರಿಗೈಯಲ್ಲಿ ಸಂಸ್ಕಾರ ಮಾಡಿದ್ದರು. ಕಾಡಂಚಿನವರನ್ನು ಒಕ್ಕಲೆಬ್ಬಿಸಲು ವಿದೇಶದವರು ವೈರಸ್ ಬಿಟ್ಟಿದ್ದಾರೆ ಎನ್ನುವ ವೀಡಿಯೊಗಳನ್ನು ನಡುರಾತ್ರಿಯವರೆಗೆ ನೋಡುತ್ತಿದ್ದರು. "ಹಾಗಾದ್ರೆ ನಿಮ್ಮ ಪೂಜೆನೂ ಇಂಥದ್ದೇ ಮೂಢನಂಬಿಕೆ" ಎಂದು ಮಗ ಅಂದ ದಿನದಿಂದ ಅಪ್ಪ-ಮಗನ ಮಾತು ನಿಂತಿತ್ತು.

ಅವರ ಅನುಮಾನದಲ್ಲಿ ನಿಜದ ಎಳೆಯೊಂದಿದೆ. ಅದನ್ನು ಮೊದಲೇ ಒಪ್ಪಿಕೊಂಡೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗವನ್ನು ಗುರುತಿಸಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿತ್ತು. ವಿದೇಶಿ ನೆರವಿನ ಸಂಶೋಧನೆಗಳ ಬಗ್ಗೆ 1970ರ ದಶಕದಲ್ಲಿ ಸಂಸತ್ತಿನ ಸಮಿತಿಯೇ ಪ್ರಶ್ನೆ ಎತ್ತಿತ್ತು. ಪ್ರಶ್ನೆ ಕೇಳುವುದು ರೋಗವಲ್ಲ. ಆದರೆ ಈ ವೈರಸ್ಸಿನ ಹತ್ತಿರದ ನೆಂಟ ಸೌದಿ ಅರೇಬಿಯಾದಲ್ಲೂ ಸಿಕ್ಕಿದೆ, ಅದನ್ನು ಹರಡುವುದೂ ಉಣುಗೇ; ಅಂದರೆ ಇಂಥ ವೈರಸ್ ಪ್ರಕೃತಿಯಲ್ಲೇ ಇರುವಂಥದ್ದು. ನಿಜದ ಭಾಗವನ್ನು ಮುಚ್ಚಿಟ್ಟು ವಾದಿಸುವವರನ್ನು ಇಂಥವರು ಎಂದೂ ನಂಬುವುದಿಲ್ಲ.

ಮೂರನೇ ಭೇಟಿಯಲ್ಲಿ ಅವರೇ ಸವಾಲು ಹಾಕಿದರು. "ದೇವರು ಕಾಯ್ತಾನೆ ಅಂದ್ರೆ ತಲೆದೂಗ್ತೀರಿ ಮೇಡಂ. ಅವರು ಕೊಲ್ತಾರೆ ಅಂದ್ರೆ ಬುದ್ಧಿ ಹೇಳ್ತೀರಿ. ಕಣ್ಣಿಗೆ ಕಾಣದ್ದು ಎರಡೂ ಅಲ್ವಾ?"

ನ್ಯಾಯವಾದ ಪ್ರಶ್ನೆ. ಯಾವುದೂ ಸುಮ್ಮನೆ ಆಗುವುದಿಲ್ಲ, ಕಾಣುವುದರ ಹಿಂದೆ ಒಂದು ಉದ್ದೇಶವಿದೆ ಎಂಬ ನೋಟ ಎರಡಕ್ಕೂ ಸಾಮಾನ್ಯ. ಅವರ ಮನೆಯಲ್ಲಿ ದೇವರ ಪ್ರಸಾದ ಕೇಳದೆ, ಅಂದರೆ ದೇವರ ಮೇಲಿನ ಹೂವು ಯಾವ ಕಡೆ ಬೀಳುತ್ತದೆಂದು ನೋಡದೆ, ದೊಡ್ಡ ಕೆಲಸ ಹಿಡಿಯುವುದಿಲ್ಲ ಎಂದು ಹಿಂದೆ ಹೇಳಿದ್ದರು. ಅದನ್ನೇ ಹಿಡಿದು ಕೇಳಿದೆ: "ಹೂವು ಎಡಕ್ಕೆ ಬಿದ್ರೆ?"

"ಕೆಲಸ ಬಿಡ್ತೀವಿ."

"ಈ ಸಂಚಿನ ವಿಷಯದಲ್ಲಿ ಎಡಕ್ಕೆ ಬೀಳೋದು ಅಂತ ಇದೆಯಾ? ಏನು ಕಂಡ್ರೆ ಇದು ಸುಳ್ಳು ಅಂತ ಒಪ್ತೀರಿ?"

"ಒಪ್ಪಲ್ಲ. ಒಪ್ಪಿದ್ರೆ ನನ್ನ ತಮ್ಮನ್ನ ಕೊಂದಿದ್ದು ಯಾರು ಅಂತಾಯ್ತು? ದೇವರನ್ನ ಕೇಳೋಕೆ ನನ್ನ ಕೈಲಾಗಲ್ಲ."

ತಮ್ಮನ ಸಾವಿನ ಸುದ್ದಿ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಮಂಗನ ಕಾಯಿಲೆಯ ಲಸಿಕೆಯ ತಿಂಗಳ ಅಂತರದ ಎರಡು ಡೋಸ್, ಆಮೇಲಿನ ಬೂಸ್ಟರ್, ಎಲ್ಲವನ್ನೂ ನೋವು ತಡೆದುಕೊಂಡು ಹಾಕಿಸಿಕೊಂಡಿದ್ದ ಮನುಷ್ಯ ಅದೇ ಜ್ವರದಲ್ಲಿ ಹೋಗಿದ್ದರು. 1990ರಿಂದ ಬಳಸುತ್ತಿದ್ದ ಆ ಲಸಿಕೆಯ ರಕ್ಷಣೆ ದುರ್ಬಲವೆಂದು ಅಧ್ಯಯನಗಳು ತೋರಿಸಿ, ಕೊನೆಗೆ ಅದನ್ನು ನಿಲ್ಲಿಸಲಾಯಿತು. ಇಷ್ಟನ್ನು ಆ ಮನೆಯವರ ಎದುರು ಕೂತು ಯಾರೂ ವಿವರಿಸಿರಲಿಲ್ಲ. ಆ ಕೊರತೆಯನ್ನು ವೀಡಿಯೊಗಳು ತುಂಬಿದವು.

ದೇವರು ತೆರವು ಮಾಡಿದ ಜಾಗದಲ್ಲಿ ಜನ ಸಂಚುಗಾರರನ್ನು ಕೂರಿಸುತ್ತಾರೆ ಎಂದು ದಾರ್ಶನಿಕ ಕಾರ್ಲ್ ಪಾಪರ್ ವಾದಿಸಿದ್ದರು. ನನ್ನ ಮುಂದೆ ಕೂತವರು ಅದಕ್ಕೆ ಒಗ್ಗುವುದಿಲ್ಲ. ದೇವರ ಮೇಲೆ ಹೋಗಬೇಕಿದ್ದ ದೂರನ್ನು ಬೇರೆಯವರ ಮೇಲೆ ಹೊರಿಸಿ, ಅವರು ದೇವರನ್ನು ಉಳಿಸಿಕೊಂಡಿದ್ದರು. ಸಂಚಿನ ಕಥೆಯನ್ನು ಕಿತ್ತುಕೊಂಡರೆ ಭಕ್ತಿಯೇ ಕುಸಿದೀತೆಂಬ ಭಯ ಅದು.

ಹಾಗಾಗಿ ಮೊದಲ ಸಲಹೆ ಸಂಜೆಯ ದೀಪದ ಹೊತ್ತಿಗೆ ಸಂಬಂಧಿಸಿದ್ದು: ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಕೂತು, ತಮ್ಮನನ್ನು ಯಾಕೆ ಕರೆದುಕೊಂಡೆ ಎಂದು ದೇವರನ್ನೇ ಬಾಯಿಬಿಟ್ಟು ಕೇಳಿ, ಸಿಟ್ಟು ಬಂದರೆ ಬೈಯಿರಿ. ನಿಂದಾಸ್ತುತಿ ಮಾಡಿದ ದಾಸರ ಭಕ್ತಿಯನ್ನು ನಾವು ಅನುಮಾನಿಸುವುದಿಲ್ಲವಲ್ಲ. ಆಪ್ತಸಲಹೆಯಲ್ಲಿ ದೇವರ ಮಾತೇಕೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ನಾನು ಅವರಿಗೆ ದೇವರನ್ನು ಕೊಡಲಿಲ್ಲ; ಇದ್ದ ದೇವರ ಮುಂದೆ ದುಃಖ ಇಡಲು ಹೇಳಿದೆ. ಅದನ್ನು ಬಿಟ್ಟು ಬೇರೆ ಬಾಗಿಲು ಆ ಮನೆಯಲ್ಲಿ ತೆರೆದಿರಲಿಲ್ಲ.

ಉಳಿದದ್ದು ಒಪ್ಪಂದದಂತೆ ನಡೆಯಿತು. ಸತ್ತ ಮಂಗವನ್ನು ಮುಟ್ಟುವುದಿಲ್ಲ, ಯಾಕೆಂದರೆ ಹೆಣ ತಣ್ಣಗಾದಂತೆ ಉಣುಗುಗಳು ಇಳಿದು ಬೇರೆ ಮೈ ಹುಡುಕುತ್ತವೆ. ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಇಲಾಖೆಯವರು ಸುತ್ತ 50 ಅಡಿ ಮೆಲಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕಿ ಹೆಣ ಸುಡುತ್ತಾರೆ. ಪ್ರಾರ್ಥನೆ ಮನೆಯ ದೇವರ ಮುಂದೆ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ತೈಲ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಥಟ್ಟನೆ ಜ್ವರ, ತಲೆನೋವು, ಸೊಂಟ-ಮೈಕೈ ನೋವು ಬಂದರೆ ಅಂದೇ ರಕ್ತಪರೀಕ್ಷೆ. ರಕ್ತಸ್ರಾವದ ಅಪಾಯವಿರುವುದರಿಂದ ಅಂಗಡಿಯ ನೋವಿನ ಮಾತ್ರೆ ಬೇಡ. ಜ್ವರ ಬಿಟ್ಟರೂ ಕೆಲವರಿಗೆ ಒಂದೆರಡು ವಾರದ ಮೇಲೆ ಮರುಕಳಿಸುತ್ತದೆ, ಆಗ ಮಿದುಳಿಗೂ ತೊಂದರೆಯಾಗಬಹುದು. ಹಾಗಾಗಿ ನಿಗಾ ಬಿಡಬಾರದು.

ಮಗನಿಗೆ ಹೇಳಿದ್ದು ಕಡಿಮೆ: ಪೂಜೆಯ ವಿಷಯಕ್ಕೆ ಕ್ಷಮೆ ಕೇಳು, ರಾತ್ರಿ ವಾದಕ್ಕೆ ಕೂರಬೇಡ, ಚಿಕ್ಕಪ್ಪನ ಮಾತು ಎತ್ತು.

ವಿದೇಶಿ ಕೈವಾಡದ ಮಾತನ್ನು ಅವರು ಪೂರ್ತಿ ಬಿಟ್ಟಿಲ್ಲ. ಬಿಡಿಸಲು ನಾನೂ ಹೋಗಿಲ್ಲ. ತೈಲ ಹಚ್ಚುತ್ತಾರೆ, ಆಶಾ ಕಾರ್ಯಕರ್ತೆ ಅಂಗಳಕ್ಕೆ ಬರುತ್ತಾರೆ. ಆದರೆ ಎಲ್ಲ ಅನುಮಾನವೂ ಇಂಥದ್ದೇ ಎಂದುಕೊಳ್ಳಬೇಡಿ. 'ನನ್ನೊಬ್ಬನನ್ನೇ ಗುರಿ ಮಾಡಿದ್ದಾರೆ' ಎನ್ನುವುದು, ಯಾರೂ ಆಡದ ಮಾತು ಕಿವಿಗೆ ಬೀಳುವುದು, ದಿನಗಟ್ಟಲೆ ನಿದ್ದೆಯಿಲ್ಲದಿರುವುದು, ಮನೆಯವರು ಕೊಟ್ಟ ಊಟದಲ್ಲಿ ವಿಷ ಹುಡುಕುವುದು ಕಂಡರೆ ಮಾತುಕತೆಗೆ ಕಾಯದೆ ಮನೋವೈದ್ಯರ ಬಳಿ ಕರೆದೊಯ್ಯಿರಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರೇ ಕರೆ ಮಾಡಿ ಕೇಳಬಹುದು.