ಓದುಗರ ಪ್ರಶ್ನೆ: ಸಿನಗಾಗ್‌ನಲ್ಲಿ ಮಕ್ಕಳಿಗೆ ಏನ್ ಕಲಿಸ್ತಾರೆ?

ಪ್ರಶ್ನೆ: ಸರ್, ನಾವಿರೋದು ಅಮೆರಿಕದಲ್ಲಿ. ಮಗಳ ಜೊತೆ ಓದೋ ಯಹೂದಿ ಹುಡುಗಿ ಒಬ್ಳು ಪ್ರತಿ ಭಾನುವಾರ ಬೆಳಗ್ಗೆ, ಮತ್ತೆ ವಾರದ ಮಧ್ಯೆ ಒಂದಿನ ಸಂಜೆ, ಹೀಬ್ರೂ ಸ್ಕೂಲ್ ಅಂತ ಸಿನಗಾಗ್‌ಗೆ, ಅಂದ್ರೆ ಅವರ ಪ್ರಾರ್ಥನಾ ಮಂದಿರಕ್ಕೆ, ಹೋಗ್ತಾಳೆ. ಮುಂದಿನ ವರ್ಷ ಅವಳ ಬಾತ್ ಮಿಟ್ಸ್ವಾ ಅಂತೆ (ಧರ್ಮದ ಹೊಣೆ ಹೊರೋ ವಯಸ್ಸಿಗೆ ಬಂದ ಹುಡುಗಿಗೆ ಮಾಡೋ ಫಂಕ್ಷನ್, ಹುಡುಗರಿಗಾದ್ರೆ ಬಾರ್ ಮಿಟ್ಸ್ವಾ), ಈಗಿಂದಾನೇ ಪ್ರಾಕ್ಟೀಸ್ ಶುರು. ಒಂದು ಫಂಕ್ಷನ್‌ಗೆ ವರ್ಷಗಟ್ಲೆ ಪ್ರಾಕ್ಟೀಸ್ ಮಾಡೋವಂಥದ್ದು ಏನಿರುತ್ತೆ? ಹೀಬ್ರೂ ಮಾತಾಡೋಕೆ ಕಲಿಸ್ತಾರಾ?

ಉತ್ತರ: ಮಾತಾಡೋಕಲ್ಲ, ಹೆಚ್ಚಿನ ಕಡೆ ಓದೋಕೆ, ಅದೂ ಪ್ರಾರ್ಥನೆ ಪುಸ್ತಕ ಓದೋಕೆ. ವರ್ಷಗಟ್ಲೆ ಹೋದ ಮಕ್ಕಳಿಗೂ ಹೀಬ್ರೂನಲ್ಲಿ ಒಂದು ಲೋಟ ನೀರು ಕೇಳೋಕೆ ಬರ್ದೇ ಇರಬಹುದು, ಆದ್ರೆ ಶೆಮಾ ಪ್ರಾರ್ಥನೆ ಮಾತ್ರ ನಿದ್ದೆಗಣ್ಣಲ್ಲೂ ಹೇಳ್ತಾರೆ. ಚಿಕ್ಕ ಕ್ಲಾಸ್‌ಗಳಲ್ಲಿ ಅಬ್ರಹಾಮ, ಮೋಶೆ ಕಥೆಗಳು, ಹಬ್ಬಗಳು, ದಾನದ ಡಬ್ಬಿಗೆ ಕಾಸು ಹಾಕೋ ಅಭ್ಯಾಸ, ಪಾಸೋವರ್ ಹಬ್ಬದ ರಾತ್ರಿ ಊಟದ ಮುಂದೆ ಮನೆಯ ಚಿಕ್ಕ ಮಗು ಕೇಳ್ಬೇಕಾದ ನಾಲ್ಕು ಪ್ರಶ್ನೆ, ಹೀಗೆ. ಪುರಿಮ್ ಹಬ್ಬದಲ್ಲಂತೂ ವೇಷ ಹಾಕ್ಕೊಂಡು ಬಂದು ಎಸ್ತರಳ ಕಥೆ ಓದುವಾಗ ಅದರ ಖಳನಾಯಕ ಹಾಮಾನನ ಹೆಸರು ಬಂದಾಗೆಲ್ಲ ಗಿಲಕಿ ತಿರುಗಿಸಿ ಗಲಾಟೆ ಎಬ್ಬಿಸೋದೇ ಕೆಲಸ. ಅಲ್ಲೀವರೆಗೂ ಮಜಾ.

ಕಷ್ಟ ಶುರುವಾಗೋದು ತೋರಾ (ಮೋಶೆಯ ಐದು ಪುಸ್ತಕಗಳ ಧರ್ಮಗ್ರಂಥ) ಸುರುಳಿ ಹತ್ರ ಬಂದಾಗ. ಹೀಬ್ರೂನಲ್ಲಿ 22 ಅಕ್ಷರ, ಬಲದಿಂದ ಎಡಕ್ಕೆ ಓದ್ಬೇಕು, ಸ್ವರ ತೋರ್ಸೋಕೆ ಅಕ್ಷರದ ಸುತ್ತ ಚುಕ್ಕೆ ಗೆರೆ ಇರುತ್ತೆ. ಪ್ರಾರ್ಥನೆ ಪುಸ್ತಕದಲ್ಲಿ ಈ ಚುಕ್ಕೆಗಳಿರುತ್ತೆ, ಕೈಯಲ್ಲಿ ಬರೆದ ತೋರಾ ಸುರುಳಿಯಲ್ಲಿ ಇರಲ್ಲ. ನಮ್ಮ ಬರಹದಿಂದ ಕಾಗುಣಿತದ ಚಿಹ್ನೆಗಳನ್ನೆಲ್ಲ ಅಳಿಸಿ, ಪೂರ್ಣವಿರಾಮ ಅಲ್ಪವಿರಾಮಾನೂ ತೆಗೆದು, ಈಗ ಓದು ನೋಡೋಣ ಅಂದ್ರೆ ಹೇಗಿರುತ್ತೋ ಹಾಗೆ. ಸಾಲದ್ದಕ್ಕೆ ಅದನ್ನ ಸುಮ್ನೆ ಓದೋ ಹಾಗಿಲ್ಲ, ನಿಗದಿಯಾದ ರಾಗದಲ್ಲಿ ಹಾಡಿ ಓದ್ಬೇಕು, ಆ ರಾಗದ ಗುರುತೂ ಸುರುಳಿಯಲ್ಲಿ ಇರಲ್ಲ. ಅದಕ್ಕೇ ತಿಕ್ಕುನ್ ಅಂತ ಒಂದು ಪುಸ್ತಕ ಇಟ್ಕೊಂಡು ಕೂರ್ತಾರೆ, ಒಂದು ಕಾಲಂನಲ್ಲಿ ಚುಕ್ಕೆ ರಾಗ ಎಲ್ಲ ಇರೋ ಪಾಠ, ಪಕ್ಕದ ಕಾಲಂನಲ್ಲಿ ಸುರುಳಿಯಲ್ಲಿರೋ ಹಾಗೆ ಬೋಳು ಪಾಠ, ಅದನ್ನ ನೋಡ್ಕೊಂಡು ಇದನ್ನ ಓದೋದು, ಆಮೇಲೆ ಅದನ್ನ ಮುಚ್ಚಿ ಓದೋದು. ಸುರುಳಿಯನ್ನ ಬೆರಳಲ್ಲಿ ಮುಟ್ಟೋ ಹಾಗಿಲ್ಲ, ಯಾದ್ ಅನ್ನೋ ಪುಟ್ಟ ಕಡ್ಡಿ ಹಿಡಿದು ಸಾಲು ತೋರಿಸ್ಕೋತಾರೆ. ತಪ್ಪು ಓದಿದ್ರೆ ಪಕ್ಕದಲ್ಲಿ ನಿಂತವರು ಅಲ್ಲೇ ತಿದ್ದುತಾರೆ, ಮಗು ವಾಪಸ್ ಹೋಗಿ ಸರಿಯಾಗಿ ಓದ್ಬೇಕು. ಇದೆಲ್ಲ ಸಭೆ ಮುಂದೆ, ಹನ್ನೆರಡು ಹದಿಮೂರನೇ ವಯಸ್ಸಲ್ಲಿ. ಈಗ ಹೇಳಿ, ಒಂದು ವರ್ಷ ಜಾಸ್ತಿನಾ?

ಆಮೇಲೆ ಭಾಷಣ. ತೋರಾವನ್ನ 54 ಭಾಗ ಮಾಡ್ಕೊಂಡು ವರ್ಷಕ್ಕೊಮ್ಮೆ ಓದಿ ಮುಗಿಸ್ತಾರೆ, ಫಂಕ್ಷನ್ ಯಾವ ವಾರ ಬರುತ್ತೋ ಆ ವಾರದ ಭಾಗಾನೇ ಆ ಮಗುವಿನ ಪಾಲಿಗೆ, ಅದರ ಬಗ್ಗೆ ನಾಲ್ಕು ಮಾತು ತಾನೇ ಯೋಚಿಸಿ ಬರೆದು ಹೇಳ್ಬೇಕು. ಒಬ್ರಿಗೆ ಕೆಂಪು ಸಮುದ್ರ ಸೀಳೋ ಕಥೆ ಸಿಗುತ್ತೆ, ಇನ್ನೊಬ್ರಿಗೆ ಯಾಜಕಕಾಂಡದ ಚರ್ಮರೋಗ, ಗೋಡೆಗೆ ಹಿಡಿದ ಬೂಷ್ಟು. ಪಾಪ ಅನ್ಸುತ್ತೆ, ಆದ್ರೆ ಬೂಷ್ಟು ಸಿಕ್ಕ ಮಕ್ಕಳೇ ಒಳ್ಳೆ ಭಾಷಣ ಮಾಡ್ತಾರೆ ಅಂತ ನನ್ನ ಅನಿಸಿಕೆ, ರೆಡಿಮೇಡ್ ಮಾತು ಇರಲ್ಲ ನೋಡಿ, ತಲೆ ಓಡಿಸ್ಲೇಬೇಕು.

ಪ್ರಶ್ನೆ: ಬಾರ್ ಮಿಟ್ಸ್ವಾ ಮಾಡಿಸ್ಕೊಳ್ದೇ ಇದ್ರೆ ಆ ಹುಡುಗ ಯಹೂದಿ ಅಲ್ವಾ? ಹುಡುಗಿಯರಿಗೂ ಇದು ಮೊದಲಿಂದ ಇತ್ತಾ?

ಉತ್ತರ: ಅದು ದೀಕ್ಷೆ ಅಲ್ಲ, ಸರ್ಟಿಫಿಕೇಟೂ ಅಲ್ಲ. ಹುಡುಗನಿಗೆ 13 ತುಂಬಿದ್ರೆ ಧರ್ಮದ ಕಟ್ಟಳೆಗಳ ಹೊಣೆ ತಾನಾಗೇ ಅವನ ಹೆಗಲಿಗೆ ಬರುತ್ತೆ, ಫಂಕ್ಷನ್ ಆದ್ರೂ ಅಷ್ಟೇ, ಆಗ್ದಿದ್ರೂ ಅಷ್ಟೇ. ಹುಡುಗಿಯರಿಗೆ ಹಳೇ ಲೆಕ್ಕದಲ್ಲಿ 12. ಹುಡುಗಿಯರು ಎದ್ದು ನಿಂತು ಓದೋದು ಮಾತ್ರ ಹೊಸದು. ಅಮೆರಿಕದಲ್ಲಿ 1922ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ರಬ್ಬಿ (ಧರ್ಮಗುರು) ಮೊರ್ದೆಕಾಯ್ ಕಪ್ಲಾನ್ ತಮ್ಮ ಮಗಳು ಜುಡಿತ್ ಕೈಲಿ ಸಿನಗಾಗ್‌ನಲ್ಲಿ ಓದಿಸಿದ್ದನ್ನೇ ಮೊದಲನೇದು ಅಂತ ಸಾಮಾನ್ಯವಾಗಿ ಹೇಳ್ತಾರೆ, ಅವಳೂ ಸುರುಳಿಯಿಂದ ಓದ್ಲಿಲ್ಲ, ಅಚ್ಚಾದ ಪುಸ್ತಕ ಕೈಲಿ ಹಿಡಿದು ಓದಿದ್ದು. ಈಗ ರಿಫಾರ್ಮ್ (ಉದಾರ ಪಂಥ), ಕನ್ಸರ್ವೇಟಿವ್ (ನಡುವಿನ ಪಂಥ) ಸಿನಗಾಗ್‌ಗಳಲ್ಲಿ ಹುಡುಗ ಹುಡುಗಿ ಇಬ್ರಿಗೂ ಒಂದೇ ಥರ, ಆರ್ಥೊಡಾಕ್ಸ್ (ಸಂಪ್ರದಾಯಸ್ಥ) ಕಡೆ ಬೇರೆ ಥರ.

ಪ್ರಶ್ನೆ: ವಾರಕ್ಕೆ ಮೂರ್ನಾಲ್ಕು ಗಂಟೆ ಕ್ಲಾಸ್‌ನಲ್ಲಿ ಒಂದು ಇಡೀ ಧರ್ಮ ಕಲಿಯೋಕಾಗುತ್ತಾ? 13 ಆದ್ಮೇಲೆ ಎಷ್ಟೋ ಮಕ್ಕಳು ಆ ಕಡೆ ತಲೆನೇ ಹಾಕಲ್ಲ ಅಂತಾನೂ ಕೇಳಿದೀನಿ.

ಉತ್ತರ: ಆಗಲ್ಲ, ಅದನ್ನ ಅಲ್ಲಿನ ಟೀಚರ್‌ಗಳೇ ಒಪ್ಕೋತಾರೆ. ಮೊದ್ಲು ಈ ಪಾರ್ಟ್‌ಟೈಮ್ ಸ್ಕೂಲ್ ಯಾಕೆ ಹುಟ್ತು ಅಂತ ನೋಡಿ. ಮಕ್ಕಳಿಗೆ ಕಲಿಸೋ ಹಠ ಬಹಳ ಹಳೇದು, ಊರೂರಲ್ಲೂ ಮೇಷ್ಟ್ರನ್ನ ಇಟ್ಟು ಆರು ಏಳು ವರ್ಷದ ಮಕ್ಕಳನ್ನ ಸೇರಿಸ್ಬೇಕು ಅಂತ ಯೆಹೋಶುವ ಬೆನ್ ಗಾಮ್ಲಾ ಅನ್ನೋ ಪ್ರಧಾನ ಯಾಜಕ ಏರ್ಪಾಡು ಮಾಡಿದ ಅಂತ ತಾಲ್ಮುಡ್ (ರಬ್ಬಿಗಳ ವಾದ ಚರ್ಚೆಗಳ ದೊಡ್ಡ ಗ್ರಂಥ) ಹೇಳುತ್ತೆ, ಅದೇ ಪುಟದಲ್ಲಿ ಒಬ್ಬ ಮೇಷ್ಟ್ರಿಗೆ 25 ಮಕ್ಕಳು, 40 ಆದ್ರೆ ಒಬ್ಬ ಅಸಿಸ್ಟೆಂಟ್, 50 ಆದ್ರೆ ಇಬ್ಬರು ಮೇಷ್ಟ್ರು ಅಂತ ಲೆಕ್ಕಾನೂ ಇದೆ. ಎಷ್ಟೋ ಸ್ಕೂಲ್‌ಗಳು ಇವತ್ತಿಗೂ ಪಾಲಿಸದ ರೂಲು! ಅಮೆರಿಕಕ್ಕೆ ಬಂದ ಯಹೂದಿಗಳು ಮಕ್ಕಳನ್ನ ಪಬ್ಲಿಕ್ ಸ್ಕೂಲ್‌ಗೆ ಹಾಕಿದ್ರು, ಎಲ್ಲರ ಜೊತೆ ಬೆರೀಬೇಕಿತ್ತು, ಹಾಗಾಗಿ ಧರ್ಮದ ಪಾಠಕ್ಕೆ ಉಳಿದಿದ್ದು ಭಾನುವಾರ ಮತ್ತೆ ಸಂಜೆ. 1838ರಲ್ಲಿ ಫಿಲಡೆಲ್ಫಿಯಾದಲ್ಲಿ ರೆಬೆಕ್ಕಾ ಗ್ರಾಟ್ಜ್ ಅನ್ನೋ ಹೆಂಗಸು ಭಾನುವಾರದ ಹೀಬ್ರೂ ಸ್ಕೂಲ್ ತೆಗೆದ್ರು, ಪಾಠ ಇಂಗ್ಲಿಷ್‌ನಲ್ಲಿ, ಕಲಿಸೋರೂ ಹೆಂಗಸರೇ. ಅದೇ ಜಾಡು ಈಗ್ಲೂ ನಡೀತಿದೆ. ಪೂರ್ತಿ ಕಲೀಬೇಕು ಅನ್ನೋರು ಯಹೂದಿ ಡೇ ಸ್ಕೂಲ್‌ಗೇ ಹಾಕ್ತಾರೆ, ಅಲ್ಲಿ ಗಣಿತ ವಿಜ್ಞಾನದ ಜೊತೇಲೇ ತೋರಾ ತಾಲ್ಮುಡ್ಡೂ ಇರುತ್ತೆ, ಫೀಸ್ ಮಾತ್ರ ಕೈ ಸುಡುತ್ತೆ.

13ಕ್ಕೆ ಬಿಡೋ ವಿಷ್ಯ ನಿಜ, ಅದಕ್ಕೆ ಮಕ್ಕಳನ್ನ ಬಯ್ದು ಪ್ರಯೋಜನ ಇಲ್ಲ. ಚಿಕ್ಕಂದಿನಿಂದ ಎಲ್ಲರೂ ಫಂಕ್ಷನ್ ನಡೆಯೋ ಆ ಒಂದು ಶನಿವಾರದ ಬಗ್ಗೆನೇ ಮಾತಾಡಿದ್ರೆ, ಹಾಲ್ ಬುಕ್ಕಿಂಗು ಡ್ರೆಸ್ಸು ಪಾರ್ಟಿ ಅಂತ, ಮಾರನೇ ದಿನ ಮಗುವಿಗೆ ಎಲ್ಲ ಮುಗೀತು ಅಂತ ಅನ್ನಿಸ್ದೇ ಇನ್ನೇನು? ಹಳೇ ಲೆಕ್ಕದಲ್ಲಿ 13 ಅನ್ನೋದು ನಡುವಿನ ಮೆಟ್ಟಿಲು, ಪಿರ್ಕೆ ಆವೋತ್ ಅನ್ನೋ ಪುಸ್ತಕದಲ್ಲಿ ಐದಕ್ಕೆ ಧರ್ಮಗ್ರಂಥ, ಹತ್ತಕ್ಕೆ ಮಿಶ್ನಾ ಅನ್ನೋ ಕಟ್ಟಳೆಗಳ ಸಂಗ್ರಹ, ಹದಿಮೂರಕ್ಕೆ ಕಟ್ಟಳೆಗಳ ಹೊಣೆ, ತಾಲ್ಮುಡ್ ಶುರುವಾಗೋದೇ ಹದಿನೈದಕ್ಕೆ ಅಂತಿದೆ. ಅಂದ್ರೆ ಮಕ್ಕಳು ವಾದ ಮಾಡೋ ವಯಸ್ಸಿಗೆ ಬಂದಾಗ ವಾದದ ಪುಸ್ತಕ ಕೈಗೆ ಕೊಡೋದು. ಯೆಶಿವಾ ಅನ್ನೋ ತಾಲ್ಮುಡ್ ಪಾಠಶಾಲೆಗಳಲ್ಲಿ ಇಬ್ಬಿಬ್ಬರು ಎದುರುಬದುರು ಕೂತು ಒಂದೊಂದು ಸಾಲಿಗೂ ಜಗಳ ಆಡ್ತಾ ಓದೋ ಪದ್ಧತಿ ಇದೆ, ಹವ್ರೂತಾ ಅಂತಾರೆ, ಟೀನೇಜ್ ಮಕ್ಕಳಿಗೆ ಅದಕ್ಕಿಂತ ಸೂಟ್ ಆಗೋದು ನನಗಂತೂ ಗೊತ್ತಿಲ್ಲ. ದೊಡ್ಡ ಮಕ್ಕಳನ್ನ ಕೂರಿಸಿ ಅದೇ ನೋಹನ ಹಡಗಿಗೆ ಬಣ್ಣ ತುಂಬಿಸಿದ್ರೆ ಯಾರು ಬರ್ತಾರೆ?

ಉಳಿಸ್ಕೊಳ್ಳೋ ದಾರಿಗಳೂ ಇವೆ ಬಿಡಿ. ರಿಫಾರ್ಮ್ ಸಿನಗಾಗ್‌ಗಳಲ್ಲಿ ಹತ್ತನೇ ಕ್ಲಾಸ್ ಹೊತ್ತಿಗೆ ಶವುಓತ್ ಹಬ್ಬದಲ್ಲಿ ಕನ್ಫರ್ಮೇಷನ್ ಅಂತ ಇನ್ನೊಂದು ಫಂಕ್ಷನ್ ಗುಂಪಾಗಿ ಮಾಡ್ತಾರೆ. ಬಾರ್ ಮಿಟ್ಸ್ವಾ ಮುಗಿಸಿದ ಮಕ್ಕಳನ್ನೇ ಚಿಕ್ಕ ಕ್ಲಾಸ್‌ಗಳಿಗೆ ಸಹಾಯಕರಾಗಿ ಹಾಕ್ಕೋತಾರೆ, ನನ್ನ ಕೇಳಿದ್ರೆ ಇದು ಎಲ್ಲಕ್ಕಿಂತ ಜಾಣತನದ ಕೆಲಸ, ಕಲಿಸೋಕೆ ನಿಂತವನು ಕಲೀಲೇಬೇಕಲ್ವಾ. ಬೇಸಿಗೆ ಕ್ಯಾಂಪ್, ಮತ್ತೆ 1939ರಿಂದ ಇರೋ ಎನ್‌ಎಫ್‌ಟಿವೈ (ರಿಫಾರ್ಮ್‌ನವರದ್ದು), 1951ರ ಯುಎಸ್‌ವೈ (ಕನ್ಸರ್ವೇಟಿವ್‌ನವರದ್ದು) ಥರದ ಯುವಕರ ಸಂಘಗಳೂ ಇವೆ.

ಆದ್ರೂ ಮನೇಲಿ ಸಬ್ಬತ್ (ಶನಿವಾರದ ವಿಶ್ರಾಂತಿ ದಿನ) ಶುರುವಾಗೋ ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚದೆ ಬರೀ ಕಾರಲ್ಲಿ ಬಿಟ್ಟು ಬರೋ ಅಪ್ಪ ಅಮ್ಮ ಇದ್ರೆ ಯಾವ ಕ್ಲಾಸೂ ಏನೂ ಮಾಡಕ್ಕಾಗಲ್ಲ. ಕಲಿಸೋ ಹೊಣೆ ತಾಲ್ಮುಡ್ ಹೊರಿಸಿರೋದು ಅಪ್ಪನ ಮೇಲೆ, ಮಗನಿಗೆ ತೋರಾ ಕಲಿಸ್ಬೇಕು, ಒಂದು ಕಸುಬು ಕಲಿಸ್ಬೇಕು, ಈಜೂ ಕಲಿಸ್ಬೇಕು ಅಂತ ಕೆಲವರು ಅಂತಾರೆ, ಅಂತ ಬರೆದಿದೆ.

ಪ್ರಶ್ನೆ: ನಾನು ಮೊದಲನೇ ಪ್ರಶ್ನೆ ಕೇಳಿದವಳೇ. ಮಗಳನ್ನ ಕರೆದಿದಾರೆ, ನಾವು ಹೋಗ್ಬಹುದಾ? ಏನ್ ತಗೊಂಡ್ ಹೋಗೋದು?

ಉತ್ತರ: ಧಾರಾಳವಾಗಿ ಹೋಗಿ ಅಮ್ಮಾ. ಶನಿವಾರ ಬೆಳಗಿನ ಪ್ರಾರ್ಥನೆ ಎರಡು ಮೂರು ಗಂಟೆ ಹಿಡಿಯುತ್ತೆ, ತಾಳ್ಮೆ ಇರಲಿ. ಗಂಡಸರಿಗೆ ತಲೆಗೆ ಇಡೋ ಕಿಪ್ಪಾ ಬಾಗಿಲಲ್ಲೇ ಇಟ್ಟಿರ್ತಾರೆ. ಬಹಳ ಕಡೆ ಸಬ್ಬತ್ ದಿನ ಫೋಟೋ ತೆಗೆಯೋ ಹಾಗಿಲ್ಲ, ಫೋನ್ ಆಫ್ ಮಾಡಿ ಬ್ಯಾಗಲ್ಲಿ ಇಟ್ಬಿಡಿ. ದುಡ್ಡು ಕೊಡೋದಾದ್ರೆ 18ರ ಮಗ್ಗಿಯಲ್ಲಿ, 36, 54 ಹಾಗೆ, ಅದು ಅವರಿಗೆ ಶುಭ, ಆದ್ರೆ ಅದನ್ನ ಸಿನಗಾಗ್ ಒಳಗೆ ಕೈಗೆ ಕೊಡ್ಬೇಡಿ, ಮನೆಗೆ ಕಳಿಸಿ. ಮತ್ತೆ ಯಾರಾದ್ರೂ ನಿಮ್ಮ ಮಗಳ ಕೈಗೆ ಮೆತ್ತನೆ ಮಿಠಾಯಿ ಕೊಟ್ರೆ ತಕ್ಷಣ ಬಾಯಿಗೆ ಹಾಕ್ಕೋಬೇಡ ಅಂತ ಹೇಳಿ, ಎಷ್ಟೋ ಕಡೆ ಓದು ಮುಗಿದ ಕೂಡ್ಲೇ ಎಲ್ಲರೂ ಸೇರಿ ಓದಿದ ಮಗುವಿನ ಮೇಲೆ ಮಿಠಾಯಿ ಎಸೀತಾರೆ, ಅದಕ್ಕೇ ಕೊಟ್ಟಿರ್ತಾರೆ.